ಹಮಾಮಿನ ನಂತರದ ತುರಿಕೆ

ಫೋನು ಬಡಿದುಕೊಳ್ಳತೊಡಗಿದಾಗ ವಿಸಾಲ್‌ಗೆ ಒಂದೇ ಅಳುಕು: ತನ್ನ ದನಿಯೇ ತನ್ನನ್ನು ಬಿಟ್ಟುಕೊಟ್ಟರೆ? ಬೆಳಗಿನಿಂದ ಒಂದು ಸಂಗತಿಯನ್ನು ಮನೆಯವರಿಂದ ಬಚ್ಚಿಟ್ಟಿದ್ದಳು.

"ಹಲೋ... ಯಾರು ಮಾತಾಡೋದು?"

...

"ಹಾಂ, ಡಾಕ್ಟರ್ ಬಹೀಜಾ... ನಾನು ವಿಸಾಲ್, ಡಾಕ್ಟರಮ್ಮ, ದೊಡ್ಡವಳು. ಬಾಬಾನಾ? ಇದ್ದಾರೆ, ಹಬೆ ಸ್ನಾನಕ್ಕೆ, ಹಮಾಮಿಗೆ ಹೊರಟಿದ್ದಾರೆ. ಇವತ್ತು ಗುರುವಾರ ಅಲ್ವಾ."

...

"ರಕ್ತದ ರಿಪೋರ್ಟ್ ಬಂತಾ... ಹೇಳಿ, ನನಗೇ ಹೇಳಿ."

ಕೈರುವಾನ್ ಊರಿನ ಆ ಮನೆಯಲ್ಲಿ ಮರುದಿನ ತಂಗಿ ಯುಸ್ರಾಳ ನಿಶ್ಚಿತಾರ್ಥ. ಅಡುಗೆಮನೆಯಲ್ಲಿ ಅಮ್ಮ ಮಕ್ರೂದ್ ಸಿಹಿಗೆ ಚಕ್ಕೆ ಕುಟ್ಟುತ್ತಿದ್ದಳು. ಅಪ್ಪ, ಅವಳ ಬಾಬಾ, ಅಂಗಳದಲ್ಲಿ ಟವೆಲು ಹುಡುಕುತ್ತಿದ್ದರು.

"ಮುಖಾನಾ? ಕೆಂಪಗೇ ಇದೆ. ನಿಮ್ಮ ಬಾಬಾ ದಾಳಿಂಬೆ ಹಣ್ಣಿನ ಹಾಗಿದ್ದಾರೆ ಅಂತ ಬೀದಿಯವ್ರೆಲ್ಲ ಅಂದಿದ್ದಕ್ಕೆ ಅಮ್ಮ ದೃಷ್ಟಿ ತಾಗುತ್ತೆ ಅಂತ ಧೂಪ ಹಾಕಿದ್ಲು... ಅದು ಆರೋಗ್ಯ ಅಲ್ವಾ?"

...

"ತುರಿಕೆ... ಹಾಂ, ಇದೆ. ಹಮಾಮಿಂದ ಬಂದ್ಮೇಲೆ ಮೈಯೆಲ್ಲ ಕೆರ್ಕೋತಾರೆ. ಅಮ್ಮ ಸಾಬೂನು ಬದಲಾಯಿಸ್ತಾನೇ ಇದ್ದಾಳೆ... ಸಾಬೂನಿಂದಲ್ವಾ?"

...

"ತಲೆನೋವಿತ್ತು. ನಾಟಿ ವೈದ್ಯರು ಸೀ ಅಮೋರ್ ಹತ್ರ ಬೆನ್ನಿಗೆ ಬಟ್ಟಲು ಹಚ್ಚಿಸ್ಕೊಂಡು ರಕ್ತ ತೆಗೆಸಿದ್ರೆ ಹಗುರ ಆಗೋದು. ಮೊದ್ಲು ವಸಂತಕ್ಕೊಂದ್ಸಲ, ಆಮೇಲಾಮೇಲೆ ತಿಂಗಳು ತಿಂಗಳೂ... ಇಲ್ಲ, ಈಗಿಲ್ಲ. ಸೀ ಅಮೋರ್ ರಮದಾನಿಗೆ ಮುಂಚೇನೇ ತೀರ್ಕೊಂಡ್ರಲ್ಲ. ಅಲ್ಲಿಗೆ ನಿಂತೋಯ್ತು."

...

"ಏನಂದ್ರಿ? ಆ ಬಟ್ಟಲೇ ಕಾಯಿಲೇನ ಮುಚ್ಚಿಟ್ಟಿತ್ತಾ... ರಕ್ತ ಜಾಸ್ತಿ ಆಗೋದೂ ಕಾಯಿಲೇನಾ? ಕಮ್ಮಿ ಆದ್ರೆ ಅಲ್ವಾ..."

...

"ಕ್ಯಾನ್ಸರ್... ರಕ್ತದ್ದಾ? ...ನಿಧಾನದ್ದು. ಹಾಂ. ವರ್ಷಾನುಗಟ್ಟಲೆ ಬದುಕ್ತಾರೆ, ದೊಡ್ಡಾಸ್ಪತ್ರೆಯವ್ರ ಜೊತೆ ನೀವೇ ನೋಡ್ಕೋತೀರ, ಸರಿ... ಮತ್ತೆ ನಿಮ್ಮ ದನಿ ಯಾಕೆ ಹಿಂಗಿದೆ? ...ರಕ್ತ ಗಟ್ಟಿಯಾಗಿದೆ. ಹೆಪ್ಪುಗಟ್ಟಿದ್ರೆ... ಮಿದುಳೊಳಗಾ?"

ಅಮ್ಮ ಒಳಗಿಂದ ಯಾರದು ಎಂದು ಕೂಗಿದಳು.

"ಯಾರೂ ಇಲ್ಲಮ್ಮ, ರಾಂಗ್ ನಂಬರ್... ಹಾಂ, ಮನೇಲಿ ಮಾತೇ ಆಡಲ್ಲ ಅಂತೀಯಲ್ಲ, ರಾಂಗ್ ನಂಬರಿನವ್ರ ಜೊತೇಲಾದ್ರೂ ಬಾಯಿ ಬಿಡ್ತೀನಿ ಅಂತ ಸಂತೋಷಪಡು."

...

"ಇದೀನಿ ಡಾಕ್ಟರಮ್ಮ... ಕೈಕಾಲಲ್ಲಿ ಬಲ ಹೋಗೋದಾ? ಇಲ್ಲ. ಹಂಗೇನೂ ಆಗಿಲ್ಲ. ಮಾತೂ ಸರಿಯಾಗಿದೆ."

ಸುಳ್ಳು. ಬೆಳಿಗ್ಗೆ ಬಾಬಾರ ಬಲಗೈಯಿಂದ ಕಾಫಿಯ ಕಪ್ಪು ಜಾರಿತ್ತು. ಅವಳ ಹೆಸರು ಕರೆಯಹೋಗಿ ನಾಲಿಗೆ ತೊದಲಿತ್ತು. ಸ್ವಲ್ಪ ಹೊತ್ತಿಗೆಲ್ಲ ಸರಿಹೋಯಿತು. ನಾಳೆ ಗಂಡಿನ ಕಡೆಯವರು ಫಾತಿಹಾ ಪ್ರಾರ್ಥನೆ ಓದಿ, ಸಂಬಂಧ ನಿಶ್ಚಯಿಸಿ ಎದ್ದು ಹೋಗುವ ತನಕ ಯಾರಿಗೂ ಹೇಳಕೂಡದೆಂದು ಬಾಬಾ ಆಣೆ ಇಡಿಸಿಕೊಂಡಿದ್ದರು. ಕಾಯಿಲೆಯ ಮನೆಯಿಂದ ಯಾರು ಹೆಣ್ಣು ತರುತ್ತಾರೆ ಎಂದಿದ್ದರು.

"ಮತ್ತೆ ಅದನ್ನೇ ಕೇಳ್ತೀರಲ್ಲ... ಹಮಾಮಿಗೆ ಬೇಡ್ವಾ? ಬೆವರಿದ್ರೆ ರಕ್ತ ಇನ್ನೂ ಗಟ್ಟಿಯಾಗುತ್ತಾ..."

ಬಾಬಾ ಬಾಗಿಲಿಗೆ ಬಂದಿದ್ದರು. ಬಲಗೈಯಲ್ಲಿ ಹಮಾಮಿನ ಬಕೆಟ್ಟು. ಎಡಗೈ ಬೆರಳನ್ನು ತುಟಿಯ ಮೇಲಿಟ್ಟು ಅವಳತ್ತ ನೋಡಿ ನಕ್ಕರು. ನಗು ಬಾಯಿಯ ಒಂದೇ ಕಡೆ ಎದ್ದಿತು.

...

"ಆಗಿದೆ ಡಾಕ್ಟರಮ್ಮ," ಎಂದಳು ವಿಸಾಲ್, ಇಡೀ ಮನೆಗೆ ಕೇಳುವ ಹಾಗೆ. "ಬೆಳಿಗ್ಗೆ ಬಾಬಾರ ಬಲಗೈಗೆ ಸ್ವಾಧೀನ ಇರ್ಲಿಲ್ಲ. ಈಗ ಮತ್ತೆ ಹಂಗೇ ಆಗ್ತಿದೆ."

ಕುಟ್ಟಾಣಿಯ ಸದ್ದು ನಿಂತಿತು. ಬಾಗಿಲಲ್ಲಿ ಬಕೆಟ್ಟು ಬಿತ್ತು.

"ಹಲೋ... ಕೇಳಿಸ್ತಾ? ...ಹಲೋ..."

ಲೈನು ಕಟ್ಟಾಗಿತ್ತು.