ಹದಿನೇಳನೇ ನಂಬರಿನ ರಕ್ತ

ಹಾಗಾದ್ರೆ ಬಾಯಿ ಬಿಡಲ್ಲ ಅಂತಾಯ್ತು! ಸರಿ, ಬಿಡಬೇಡ. ನಿಂತ್ಕೊಂಡೇ ಯಾಕಿದ್ದೀಯ, ಕೂತ್ಕೋ. ಅಲ್ಲಲ್ಲ, ಆ ಬೆಂಚು ಅಲ್ಲಾಡುತ್ತೆ, ಎರಡನೇ ಸಾಲಿಗೆ ಬಾ. ಮಂಡಿ ತಗಲುತ್ತಾ? ತಗಲಲಿ. ನಾಲ್ಕನೇ ಕ್ಲಾಸಲ್ಲಿ ನೀನು ಕೂರ್ತಿದ್ದ ಜಾಗವೇ ಅದು. ಆಗಲೂ ಹೀಗೇ... ಟೀಚರ್ ಪ್ರಶ್ನೆ ಕೇಳಿದ್ರೆ ಉತ್ತರ ಬೆಂಚಿನ ಕೆಳಗೆ ಬಿದ್ದಿದೆಯೇನೋ ಅನ್ನೋ ಹಾಗೆ ತಲೆ ಬಗ್ಗಿಸ್ತಿದ್ದೆ.

ಎದುರಿನ ರೂಮಲ್ಲಿ ಯಾರ್ಯಾರಿದ್ದಾರೆ ನೋಡಿದೆಯಾ? ಹೆಡ್ಮಾಸ್ಟರು, ನಿಮ್ಮ ಲ್ಯಾಬಿನ ದೊಡ್ಡ ಡಾಕ್ಟರು, ಆರೋಗ್ಯ ಇಲಾಖೆಯವರು ಇಬ್ಬರು. ಮೂಲೆ ಕುರ್ಚಿಯಲ್ಲಿ ನಮ್ಮ ಮನೆಯವರು, ಪುಟ್ಟಿಯ ಅಪ್ಪ. ದೂರು ಕೊಟ್ಟಿದ್ದು ಅವರೇ. ಇನ್ನು ಹತ್ತು ನಿಮಿಷಕ್ಕೆ ನಮ್ಮಿಬ್ಬರನ್ನೂ ಕರೀತಾರೆ. ನಾನು ಹೋಗಿ ಹೇಳೋದು ಒಂದೇ ಮಾತು. ಮಕ್ಕಳು ನನ್ನ ಕ್ಲಾಸಿಂದ ಸರಿಯಾಗೇ ಬಂದವು, ರಕ್ತ ಅದಲುಬದಲಾಗಿದ್ದು ಇವನ ಕೈಯಲ್ಲಿ. ಅಷ್ಟು ಹೇಳಿದರೆ ನಿನ್ನ ಕೆಲಸ ಹೋಗುತ್ತೆ. ಹೋಗಲಿ! ನನ್ನ ಮಗುವೇ ಹೋಗಿದೆ.

ಯಾಕೆ ತಲೆ ಆಡಿಸ್ತೀಯ? ಹೌದು ಅಂತಲೋ, ಅಲ್ಲ ಅಂತಲೋ? ಅದನ್ನಾದರೂ ನೆಟ್ಟಗೆ ಆಡಿಸೋದು ಕಲೀ.

ನಿನ್ನ ವಿವರಣೆ ಪತ್ರ ಓದಿದೆ. ಹೆಡ್ಮಾಸ್ಟರು ತೋರಿಸಿದರು. ಮೂರೇ ಸಾಲು. ‘ತಪ್ಪು ನನ್ನಿಂದ ಆಗಿರಬಹುದು.’ ಆಗಿರಬಹುದು! ಮಳೆ ಬರಬಹುದು ಅಂದ ಹಾಗೆ. ಕೆಂಪು ಪೆನ್ನು ಕೈಯಲ್ಲಿದ್ದಿದ್ದರೆ ಅಲ್ಲೇ ಗೀಟು ಎಳೀತಿದ್ದೆ. ಆಗಿದೆ ಅಂತ ಬರೆಯೋಕೆ ಏನು ದಾಡಿ ನಿನಗೆ?

ಮಕ್ಕಳ ರಕ್ತ ತೆಗೆಯೋಕೆ ಬಂದ ದಿನ ಏನು ಜಂಭ ನಿಮ್ಮ ಡಾಕ್ಟರಿಗೆ! ಇದೇ ಬೋರ್ಡಿನ ಮೇಲೆ ಸೊಳ್ಳೆ ಚಿತ್ರ ಬರೆದು ಎಂಟು ಕಾಲು ಹಾಕಿದರು. ಎಂಟು! ಮಕ್ಕಳೇ ನಕ್ಕವು. ಆಮೇಲೆ ಶುರುವಾಯ್ತು ಭಾಷಣ. ಮಲೇರಿಯಾ ಬಂದು ಬಂದು ಹೋದ ಮಗುವಿನ ರಕ್ತದಲ್ಲಿ ಪ್ರತಿಕಾಯ ಅಂತ ಒಂದು ಹುಟ್ಟುತ್ತೆ, ಅದು ಮನೆ ಕಾವಲಿನವನಿದ್ದ ಹಾಗೆ, ಕಳ್ಳನ ಮುಖ ಒಂದು ಸಲ ನೋಡಿದ್ದರೆ ಮತ್ತೆ ಬಂದಾಗ ಗುರುತು ಹಿಡಿಯುತ್ತೆ. ಯಾವ ಮಗುವಿನಲ್ಲಿ ಅದು ಎಷ್ಟಿದೆ, ಎಷ್ಟಿದ್ದರೆ ಜ್ವರ ಜೀವಕ್ಕೆ ಬರಲ್ಲ, ಅದನ್ನ ನಾವು ಅಳೀತೀವಿ ಅಂದರು. ಅಳೆದಿರಿ! ಬಟ್ಟೆ ಅಂಗಡಿಯವನೂ ನಿಮಗಿಂತ ಸರಿಯಾಗಿ ಅಳೀತಾನೆ.

ಪುಟ್ಟಿಯ ಚೀಟಿ ಮನೆಗೆ ಕಳಿಸಿದಿರಿ. ನಂಬರ್ ಹದಿನೇಳು, ಪ್ರತಿಕಾಯದ ಪ್ರಮಾಣ ಹೆಚ್ಚು. ಕೆಳಗೆ ಇರುವೆ ಕಾಲಿನಷ್ಟು ಸಣ್ಣಕ್ಷರದಲ್ಲಿ, ಜ್ವರ ಬಂದರೆ ತಡಮಾಡದೆ ಪರೀಕ್ಷೆ ಮಾಡಿಸಿ. ಅದನ್ನ ಯಾರು ಓದ್ತಾರೆ? ಮೇಲಿನ ‘ಹೆಚ್ಚು’ ಅನ್ನೋದು ಮಾತ್ರ ದಪ್ಪಕ್ಷರ! ನಮ್ಮ ಮನೆಯವರು ಆ ಚೀಟಿಯನ್ನ ಗೋಡೆಗೆ ಅಂಟಿಸಿದರು. ಬಂದವರಿಗೆಲ್ಲ ತೋರಿಸೋದೇ ತೋರಿಸೋದು. ನಮ್ಮ ಪುಟ್ಟಿ ಗಟ್ಟಿ, ನಮ್ಮ ಪುಟ್ಟಿ ಗಟ್ಟಿ...

ಶನಿವಾರ ಮಧ್ಯಾಹ್ನ ಮೈ ಬಿಸಿಯಾಯ್ತು. ಆಸ್ಪತ್ರೆಗೆ ಹೋಗೋಣ ಅಂದೆ. ಅವರು ಚೀಟಿ ತೋರಿಸಿದರು. ಅವಳಿಗೆ ಮಲೇರಿಯಾ ಏನೂ ಮಾಡಲ್ಲ ಕಣೇ, ಲ್ಯಾಬಿನವರೇ ಬರೆದುಕೊಟ್ಟಿದ್ದಾರೆ, ನೆಗಡಿ ಜ್ವರ ಇರಬೇಕು, ಸೋಮವಾರ ನೋಡೋಣ ಅಂದರು. ಸೋಮವಾರ! ಸೋಮವಾರ ಬೆಳಗ್ಗೆ ಹೊತ್ಕೊಂಡು ಓಡಿದ್ವಿ. ಪುಟ್ಟೀ ಅಂದ್ರೆ ಓ ಅನ್ನಲಿಲ್ಲ. ಕಣ್ಣು ತೆರೆದಿತ್ತು, ನೋಡ್ತಿರಲಿಲ್ಲ. ಮಿದುಳಿಗೆ ಏರಿದೆ ಅಂದರು. ಏಳು ವರ್ಷ, ನಾಲ್ಕು ತಿಂಗಳು...

ನೀರು ಬೇಡ. ನಿನ್ನ ಬಾಟಲಿ ನೀನೇ ಇಟ್ಕೋ.

ಒಂದು ಕೇಳ್ತೀನಿ, ಸ್ವಲ್ಪವಾದರೂ ತಲೆ ಓಡಿಸಿ ಹೇಳು. ಪುಟ್ಟಿ ಹುಟ್ಟಿದ ದಿನದಿಂದ ಪರದೆಯೊಳಗೆ ಮಲಗಿದವಳು. ಸಂಜೆ ಐದಾಯ್ತೋ, ಕಿಟಕಿ ಹಾಕಿಬಿಡ್ತಿದ್ದೆ. ಒಂದು ಸಲವೂ ಮಲೇರಿಯಾ ಬಂದವಳಲ್ಲ. ಕಳ್ಳನೇ ಬರದ ಮನೆಯಲ್ಲಿ ಅಷ್ಟೊಂದು ಕಾವಲಿನವರು ಎಲ್ಲಿಂದ ಬಂದರಪ್ಪಾ? ‘ಹೆಚ್ಚು’ ಅಂತ ಬರೆಯೋವಾಗ ಕೈ ತಡೀಲಿಲ್ವಾ? ಹದಿನಾರನೇ ನಂಬರಿಗೆ ಹೆಚ್ಚು ಬಂದರೆ ಸರಿ, ಅದು ನಮ್ಮ ಆಯಾ ಮಗಳು. ನಡೆಯೋಕೆ ಕಲಿಯೋ ಮೊದಲೇ ಜ್ವರ, ಪ್ರತಿ ಮಳೆಗಾಲಕ್ಕೂ ಜ್ವರ, ನಡುಗಿ ನಡುಗಿ ಎದ್ದು ಸ್ಕೂಲಿಗೆ ಬರೋ ಹುಡುಗಿ. ಹದಿನೇಳಕ್ಕೆ? ಓದು ಬರದವರಿಗೂ ಅನುಮಾನ ಬರ್ತಿತ್ತು! ನಿನಗೆ ಬರಲಿಲ್ಲ.

ಯಾಕೆ ಹಾಗೆ ನೋಡ್ತೀಯ?

ನೋಡಬೇಡ ನನ್ನನ್ನ. ಬೋರ್ಡ್ ನೋಡು.

ಅದೇನು ಚೀಲದಲ್ಲಿ? ಆಗಿನಿಂದ ಎದೆಗೆ ಒತ್ಕೊಂಡಿದ್ದೀಯ. ಕೊಡು ಇಲ್ಲಿ. ಕೊಡು ಅಂದೆ! ಟೀಚರ್ ಕೇಳಿದರೆ ಕೊಡಬೇಕು, ಮರೆತೆಯಾ... ಓಹೋ. ಆವತ್ತಿನ ಪಟ್ಟಿ. ರಕ್ತ ತೆಗೆದ ದಿನದ್ದು. ಇದನ್ನ ಒಳಗೆ ಕೊಟ್ಟಿಲ್ವಾ? ಕಳೆದುಹೋಗಿದೆ ಅಂತ ಬರೆದುಕೊಟ್ಟಿದ್ದೀಯಲ್ಲ! ಸುಳ್ಳ. ಎಷ್ಟು ತಪ್ಪಿದ್ದರೆ ಬಚ್ಚಿಡ್ತೀಯ ನೀನು? ತಾಳು, ನಾನೇ ತಿದ್ದುತ್ತೀನಿ.

ಅಕ್ಷರ ನೋಡು, ಕಾಗೆ ಕಾಲು, ಗುಬ್ಬಿ ಕಾಲು. ನಂಬರು, ಹೊತ್ತು, ಚುಚ್ಚಿದ ಕೈ. ನಂಬರ್ ಒಂದು, ಹತ್ತೂ ಐದು, ಎಡಗೈ. ಎರಡು, ಎಡಗೈ. ಮೂರು, ಎಡ. ನಾಲ್ಕು... ಎಲ್ಲರಿಗೂ ಎಡಗೈನ ಉಂಗುರದ ಬೆರಳು, ಅದೇ ನಿಯಮ ಅಲ್ವಾ? ಬರೆಯೋ ಕೈ ನೋಯಬಾರದು ಅಂತ. ಅದೊಂದು ನೆಟ್ಟಗೆ ಮಾಡಿದ್ದೀಯ. ಹದಿನಾಲ್ಕು, ಎಡ. ಹದಿನೈದು, ಎಡ. ಹದಿನಾರು, ಎಡ. ಹದಿನೇಳು...

ಬಲ.

ಹದಿನೆಂಟು, ಎಡ. ಹತ್ತೊಂಬತ್ತು, ಎಡ. ಇಪ್ಪತ್ತು...

ಹದಿನೇಳು ಯಾಕೆ ಬಲ? ನಿನ್ನನ್ನೇ ಕೇಳ್ತಿರೋದು. ಎಲ್ಲರಿಗೂ ಎಡ, ಒಬ್ಬಳಿಗೆ ಯಾಕೆ ಬಲ? ಬರೆಯುವಾಗ ತಪ್ಪಿರಬೇಕು. ತಪ್ಪಿ ಬರೆದೆ ಅಲ್ವಾ? ಹೌದು ಅನ್ನು. ಹೌದು ಅಂತ ಒಂದು ಮಾತು ಹೇಳೋ!

...

ಎಡಗೈ ಬೆರಳಿಗೆ ಹತ್ತಿ ಅಂಟಿತ್ತು. ಅಲ್ವಾ. ಆಗತಾನೇ ನೀನೇ ಅಂಟಿಸಿದ್ದು.

ನೀನು ನೋಡಿದೆ.

ಅದೇ ಹುಡುಗಿ ಎರಡನೇ ಸಲ ಬಂದು ಕೂತಿದ್ದನ್ನ ನೀನು ನೋಡಿದೆ, ನೋಡಿ ಬಾಗಿಲ ಕಡೆ ತಿರುಗಿದೆ. ಅಲ್ಲಿ ನಾನು ನಿಂತಿದ್ದೆ. ನಂಬರ್ ಹದಿನೇಳು ಅಂತ ಕೂಗಿದ್ದು ನಾನು. ಟೀಚರ್ ಹೇಳಿದ ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡೆಯಾ? ಇಲ್ಲ ಕೇಳೋಕೆ ಹೆದರಿದೆಯಾ? ಪೆದ್ದ! ದೊಡ್ಡ ಪೆದ್ದ ನೀನು! ಆವತ್ತು ಒಂದು ಮಾತು ಕೇಳಿದ್ದರೆ...

ಪುಟ್ಟಿ ಈ ಬೀರು ಹಿಂದೆ ಇದ್ದಳು. ಇಲ್ಲೇ. ನನ್ನ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕುತ್ತಿದ್ದಳು. ಸೂಜಿ ಅಂದರೆ ಅಷ್ಟು ಭಯ ಅವಳಿಗೆ. ಆಯಾ ಮಗಳು ಬಂದು ಹೇಳಿದಳು, ನಾನು ಹೋಗ್ತೀನಿ ಟೀಚರ್, ನನಗೆ ನೋಯಲ್ಲ. ನಗ್ತಾ ಹೇಳಿದಳು. ನನಗನಿಸಿತು, ಏನಾಗುತ್ತೆ ಮಹಾ? ನಲವತ್ತು ಹನಿಯಲ್ಲಿ ಒಂದು ಹನಿ. ಯಾರದೋ ಪುಸ್ತಕಕ್ಕೆ ಒಂದು ಅಂಕಿ... ಚೀಟಿ ಮನೆಗೆ ಬರುತ್ತೆ ಅಂತ ಯಾರು ಹೇಳಿದ್ದರು ನನಗೆ? ಡಾಕ್ಟರು ಹೇಳಿದ್ದರಂತೆ. ನಾನು ಆಗ ಸೊಳ್ಳೆಯ ಕಾಲು ಎಣಿಸ್ತಿದ್ದೆ.

ಚೀಟಿ ಬಂದ ದಿನ ಹೇಳಬೇಕಿತ್ತು. ಅವರು ಗೋಂದು ಹಚ್ಚುತ್ತಿದ್ದರು, ನಾನು ಪಕ್ಕದಲ್ಲೇ ನಿಂತು ಮೂಲೆ ಒತ್ತಿ ಹಿಡಿದೆ. ನೆಟ್ಟಗೆ ಅಂಟಲಿ ಅಂತ. ಶನಿವಾರ ಹೇಳಬೇಕಿತ್ತು. ‘ರೀ, ಅದು ಅವಳ ರಕ್ತ ಅಲ್ಲ.’ ಐದೇ ಮಾತು. ಭಾನುವಾರ ಇಡೀ ದಿನ ಬಾಯಿ ತನಕ ಬಂತು. ಪರೀಕ್ಷೆಯಲ್ಲಿ ಪಕ್ಕದವರದ್ದು ನೋಡಿ ಬರೆದ ಮಕ್ಕಳಿಗೆ ಸೊನ್ನೆ ಹಾಕೋ ಟೀಚರ್ ನಾನು, ಹೇಗೆ ಹೇಳ್ಲಿ? ಸಂಜೆ ಜ್ವರ ಸ್ವಲ್ಪ ಇಳಿಯಿತು. ಇಳಿಯಿತಲ್ಲ, ಇನ್ನು ಹೇಳೋದು ಬೇಡ ಅಂದ್ಕೊಂಡೆ. ನೆಮ್ಮದಿಯಾಯ್ತು ಕಣೋ ನನಗೆ! ಕೇಳಿಸ್ತಾ? ಮಗು ಹುಷಾರಾಗ್ತಿದೆ ಅಂತಲ್ಲ. ಹೇಳೋದು ತಪ್ಪಿತು ಅಂತ.

ನೀನು ಇದನ್ನ ಯಾರಿಗೂ ತೋರಿಸಿಲ್ಲ. ನಿಮ್ಮ ಡಾಕ್ಟರಿಗೂ? ಮನೆಯಲ್ಲಿ, ನಿಮ್ಮಮ್ಮನಿಗೂ? ಮೂರು ತಿಂಗಳು. ನಮ್ಮ ಮನೆಯವರು ನಿನ್ನನ್ನ ಬೀದಿಯಲ್ಲಿ ನಿಲ್ಲಿಸಿ ಕೊಲೆಗಾರ ಅಂದಾಗಲೂ ಇದು ಚೀಲದಲ್ಲೇ ಇತ್ತಾ? ಇಷ್ಟು ಹೊತ್ತು ನಾನು ಬಾಯಿಗೆ ಬಂದ ಹಾಗೆ ಬಯ್ಯುವಾಗಲೂ...

ಯಾರು ಕೇಳಿದರು ನಿನ್ನನ್ನ ಈ ಉಪಕಾರ? ಯಾರೋ ಕೇಳಿದರು?

ಬಂದೆವು ಅಂತ ಹೇಳಪ್ಪಾ ಜವಾನ, ಬಂದೆವು. ಅಲ್ಲ... ಟೀಚರ್ ಒಬ್ಬರೇ ಬರ್ತಾರೆ ಅಂತ ಹೇಳು.

ಕೈ ತೆಗಿ. ಕೊಡಲ್ಲ ಇದನ್ನ. ಹರಿದು ಹಾಕ್ತೀನಿ ಅಂತ ಹೆದರಿಕೆಯಾ? ಇಲ್ಲ... ನೀನು ವಾಪಸ್ ಕೇಳ್ತಿರೋದು ನೀನೇ ಹರಿಯೋಕೆ. ಕೂತ್ಕೋ. ಕೂತ್ಕೋ ಅಂದೆ. ಅವರು ಮೂಲೆ ಕುರ್ಚಿಯಲ್ಲಿದ್ದಾರೆ, ಅವಳಪ್ಪ. ಅವರ ಎದುರಿಗೆ ನಿಂತು ಓದ್ತೀನಿ, ಒಂದರಿಂದ ಶುರುಮಾಡಿ. ಹದಿನಾರರ ತನಕ ಓದೋಕೆ ಕಷ್ಟವಿಲ್ಲ.