ಮಾದೇವಿಯ ಪ್ರಾಕ್ಟೀಸ್ ಪೇಪರು

ಮೆಡಿಕಲ್ ಸೀಟಿನ ಸಿಇಟಿಗೆ ವಾರವಷ್ಟೇ ಉಳಿದಿತ್ತು. ಹೊಸಪೇಟೆಯ ಮೂಳೆ ಡಾಕ್ಟರ ಬಾಗಿಲ ಮುಂದೆ, ನನ್ನ ಪಕ್ಕದ ಬೆಂಚಿನಲ್ಲಿ, ಕಂಪ್ಲಿಯ ರೈಸ್‌ಮಿಲ್ಲಿನ ಕೊಟ್ರಯ್ಯನವರು ಮಗಳನ್ನು ಕೂರಿಸಿಕೊಂಡಿದ್ದರು. ಅವಳ ಬಲಗೈ ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

“ಡಾಕ್ಟ್ರು ಕೇಳಿದ್ರ ಮೆಟ್ಟಿಲ ಮ್ಯಾಲಿಂದ ಬಿದ್ದೆ ಅನ್ನು, ಮಾದೇವಿ.”

“ನಾನೆಲ್ಲಿ ಬಿದ್ದೀನಿ, ಅಪ್ಪಾಜಿ? ಭತ್ತ ಹರವೋ ಕೋಲು ತಗೊಂಡು ನೀವು ಹೊಡೆದ್ರಿ.”

“ಟ್ಯುಟೋರಿಯಲ್‌ನವರ ಪ್ರಾಕ್ಟೀಸ್ ಪೇಪರಿನ್ಯಾಗ ಮುಕ್ಕಾಲು ತಪ್ಪು ಮಾಡಿದ್ರ ಸಿಟ್ಟು ಬರಂಗಿಲ್ಲೇನು?”

“ನಂದು ಬಿ ಸೀರೀಸು. ನೀವು ಎ ಸೀರೀಸಿನ ಉತ್ತರ ಇಟ್ಕೊಂಡು ತಿದ್ದೀರಿ. ಪ್ರಶ್ನಿ ಅವೇ ಇರ್ತಾವ, ನಂಬರ್ ಬ್ಯಾರೆ ಇರ್ತಾವ.”



“ಆಗಲೇ ಬಾಯಿಬಿಟ್ಟು ಹೇಳಬೇಕೋ ಬ್ಯಾಡೋ?”

“ಹೇಳಿದೆ. ಎದುರು ಮಾತಾಡ್ತೀಯೇನು ಅಂತ ಇನ್ನೊಂದು ಏಟು ಹಾಕಿದ್ರಿ. ಬೆರಳು ಮುರಿದಿದ್ದು ಆ ಏಟಿಗೆ.”

“ಸರಿ ಉತ್ತರ ಇಟ್ಟು ನೋಡಿದ್ರ ಎಷ್ಟು ಬಂದಾವು?”

“ನೂರಕ್ಕ ತೊಂಬತ್ನಾಲ್ಕು.”

“ಹೌದಾ! ಹಂಗಾರ ಸೀಟು ಎಲ್ಲಿ ಹೊಕ್ಕೈತಿ? ಪರೀಕ್ಷಾದಾಗ ಪೆನ್ಸಿಲ್ ಹಿಡಿದು ಉತ್ತರದ ಹಾಳ್ಯಾಗಿನ ಸೊನ್ನಿ ತುಂಬಾದು ತಾನೇ? ಇವತ್ತಿಂದನ ಎಡಗೈಲೆ ಪ್ರಾಕ್ಟೀಸ್ ಮಾಡು. ಒಂದು ಸೊನ್ನಿ ತಪ್ಪಿತು ಅಂದ್ರ ಅದನ್ನೂ ಮುರೀತೀನಿ ನೋಡು.”

ಅಷ್ಟರಲ್ಲಿ ನರ್ಸು ಅವಳ ಹೆಸರು ಕರೆದಳು. ಕೊಟ್ರಯ್ಯನವರು ಧೋತ್ರ ಸರಿಮಾಡಿಕೊಂಡು ಎದ್ದರು.

“ನೀವು ಇಲ್ಲೇ ಕುಂದ್ರಿ,” ಎಂದಳು ಮಗಳು. “ಹೆಂಗಾತು ಅಂತ ನಾನ ಹೇಳ್ತೀನಿ.”

ಎಡಗೈಯಿಂದ ಬಾಗಿಲು ತಳ್ಳಿಕೊಂಡು ಅವಳು ಒಬ್ಬಳೇ ಒಳಗೆ ಹೋದಳು.