ಮೂಲೆ ಹೊಲದ ಬೀಜ

ಬೀಜ ಕೊಡುವ ಕಚೇರಿಯ ಸಾಲಿನಲ್ಲಿ ಅಂಚೆಯವನ ಮುಂದೆ ಅತ್ತೆ ಸೊಸೆ ನಿಂತಿದ್ದರು. ಅವರ ಪಿಸುಮಾತು ಬೇಡವೆಂದರೂ ಅವನ ಕಿವಿಗೆ ಬೀಳುತ್ತಿತ್ತು.

"ಮಳೆ ತಡವಾದ್ರೂ ಈ ಬೀಜ ಬೆಳೆಯುತ್ತಂತೆ ಅತ್ತೆ."

"ಹೋದ ವರ್ಷಾನೂ ಬಂದಿದ್ಯಂತೆ, ನಿನಗ್ಯಾಕೆ ಕೊಡಲಿಲ್ಲ?"

"ಹೊಲ ನನ್ನ ಹೆಸರಲ್ಲಿಲ್ವಲ್ಲ, ಯಜಮಾನರನ್ನ ಕರ್ಕೊಂಡು ಬಾ ಅಂದ್ರು."

"ಆ ಯಜಮಾನ ನಾನೇ ಅಲ್ವೇನೇ? ಮನೇಲಿ ಬಾಯೇ ಬಿಡಲಿಲ್ಲ!"

"ನಿಮಗೆ ಹಳೇ ಬೀಜ ಅಂದ್ರೆ ಪ್ರಾಣ. ಹೆದರಿದೆ."

"ಪ್ರಾಣಾನೇ. ಆದ್ರೆ ಒಣಗಿದ ಪೈರಿನ ಮುಂದೆ ನೀನು ಅಳೋದನ್ನ ಇನ್ನು ನೋಡಲಾರೆ. ಮೂಲೆ ಹೊಲ ನಿನ್ನ ಹೆಸರಿಗೇ ಬರೀತೀನಿ."

"ಬೆಳೆ ಕೈಕೊಟ್ರೆ?"

"ಇಬ್ರೂ ಸೇರಿ ಆಕಾಶಕ್ಕೆ ಬೈಯೋಣ, ಬಿಡು."

ಅಷ್ಟರಲ್ಲಿ ಗುಮಾಸ್ತ ಕರೆದ. ಅತ್ತೆ ಸೊಸೆಯನ್ನು ಮುಂದಕ್ಕೆ ತಳ್ಳಿದರು.

"ನೀನೇ ಮಾತಾಡು. ನಾನು ಹೆಬ್ಬೆಟ್ಟು ಒತ್ತೋಕೆ ಬಂದಿದ್ದೀನಿ."

ಸೊಸೆ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು ಕಿಟಕಿಯತ್ತ ನಡೆದಳು.